ಕೊಬ್ಬರಿ ಎಣ್ಣೆ ಕುಡಿದ ರೀಲು

ಈ ಜುಲೈಯಲ್ಲಿ ನಮ್ಮೂರಿಗೆ ಒಂಬತ್ತು ದಿನ ಕರೆಂಟ್ ಇರಲಿಲ್ಲ. ಸಕಲೇಶಪುರದಿಂದ ಒಳಗೆ ಇರುವ ನಮ್ಮಂಥ ಊರುಗಳಲ್ಲಿ ಇದು ದೊಡ್ಡ ಸುದ್ದಿಯೇನಲ್ಲ. ತೋಟಕ್ಕೆ ಇಳಿದರೆ ಜಿಗಣೆ, ಮನೆಯಲ್ಲಿ ಕೂತರೆ ಬೇಸರ. ಹೆಂಚು ಸೋರುತ್ತಿದೆ ಅಂತ ಅಟ್ಟ ಹತ್ತಿದವನಿಗೆ ಮೂಲೆಯಲ್ಲಿ ಬೂಷ್ಟು ಹಿಡಿದ ಒಂದು ಚರ್ಮದ ಪೆಟ್ಟಿಗೆ ಸಿಕ್ಕಿತು. ಒಳಗೆ ಅಪ್ಪಯ್ಯನ ಗಾಳದ ರೀಲು. ಅದನ್ನು ನೋಡಿ ಸುಮಾರು ಇಪ್ಪತ್ತೊಂಬತ್ತು ವರ್ಷ ಆಗಿತ್ತು.

ಸ್ವೀಡನ್ನಿನ ಆಬು ಕಂಪನಿಯ ಅಂಬಾಸಡರ್ 5000. ಕೆಂಪು ಬಣ್ಣ. ಅಪ್ಪಯ್ಯ ಕಾಫಿ ಎಸ್ಟೇಟ್ ಒಂದರಲ್ಲಿ ರೈಟರ್ ಆಗಿದ್ದರು. 1984ರಲ್ಲಿ ಮಾಲೀಕರು ತೋಟ ಮಾರಿ ಹೊರಡುವಾಗ ಇದನ್ನೂ ಒಂದು ಫೈಬರ್ ರಾಡನ್ನೂ ಇವರ ಕೈಗಿಟ್ಟು ಹೋದರಂತೆ. ಅಂಬಾಸಿಡರ್ ಕಾರು ಮಾಡಿದವರೇ ಇದನ್ನೂ ಮಾಡಿದ್ದು ಅಂತ ಅಪ್ಪಯ್ಯ ಎಷ್ಟೋ ವರ್ಷ ನಂಬಿದ್ದರು. ಊರವರೂ ನಂಬಿದ್ದರು. ಅಲ್ಲಿಯವರೆಗೆ ಅವರದ್ದು ಬಿದಿರಿನ ಕಡ್ಡಿ, ಬೆಂಡು, ಎರೆಹುಳು. ರೀಲು ಬಂದ ಮೇಲೆ ಹೊಳೆಯಲ್ಲಿ ಅವರ ಗತ್ತೇ ಬೇರೆ.

ಗತ್ತು ಮುರಿದದ್ದು 1996ರ ಡಿಸೆಂಬರ್‌ನಲ್ಲಿ. ನನಗೆ ಹನ್ನೆರಡು ವರ್ಷ, ಬುಟ್ಟಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ಹೇಮಾವತಿಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ದೊಡ್ಡದೊಂದು ಕೊರವ ಮೀನು ಕಚ್ಚಿತು. ಅಪ್ಪಯ್ಯ ಹ್ಯಾಂಡಲ್ ತಿರುಗಿಸಿದರು, ತಿರುಗಲಿಲ್ಲ. ಇನ್ನೊಮ್ಮೆ ಜೋರು ಮಾಡಿದರು. ದಾರ ಠಪ್ಪಂತ ಹೋಯಿತು. ಅವರು ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಕೊನೆಗೆ ಹೇಳಿದ್ದು ಇಷ್ಟು: "ಈ ಫಾರಿನ್ ಮಾಲು ನಮ್ಮ ಹವಕ್ಕೆ ಒಗ್ಗಲ್ಲ." ಅವತ್ತೇ ರೀಲು ಅಟ್ಟ ಸೇರಿತು.

ಬಿಚ್ಚಿದ್ದು

ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿದೆ. ಪಕ್ಕದಲ್ಲಿ ಖಾಲಿ ಮೊಟ್ಟೆ ಟ್ರೇ. ಬಿಚ್ಚಿದ ಒಂದೊಂದು ಭಾಗವನ್ನೂ ಸಾಲಾಗಿ ಒಂದೊಂದು ಗುಳಿಗೆ ಹಾಕುವುದು, ಜೋಡಿಸುವಾಗ ಕೊನೆಯ ಗುಳಿಯಿಂದ ಹಿಂದಕ್ಕೆ ಬರುವುದು. ಪಂಪ್‌ಸೆಟ್ ಕಾರ್ಬುರೇಟರ್ ಬಿಚ್ಚುವಾಗ ಕಲಿತದ್ದು ಇದು. ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೊ.

ಹ್ಯಾಂಡಲ್ ನಟ್ ಬಿಚ್ಚಿ, ಅದರ ಕೆಳಗಿನ ನಕ್ಷತ್ರದ ಚಕ್ರ ತೆಗೆದೆ. ಅದರಡಿ ಬಟ್ಟಲಿನ ಹಾಗೆ ಬಾಗಿದ ಎರಡು ವಾಷರ್ ಇರುತ್ತವೆ. ಒಂದರ ಹೊಟ್ಟೆ ಮೇಲೆ, ಇನ್ನೊಂದರದ್ದು ಕೆಳಗೆ. ಈ ದಿಕ್ಕು ತಪ್ಪಿದರೆ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರವನ್ನು ತಡೆದು ತಡೆದು ಬಿಡುವ ಬಿಗಿ, ಒಮ್ಮೆಲೇ ಬಿಗಿ, ಒಮ್ಮೆಲೇ ಸಡಿಲ. ಆಮೇಲೆ ಪಕ್ಕದ ಮುಚ್ಚಳ ಎತ್ತಿದೆ.

ವಾಸನೆ ಬಂತು. ಗ್ರೀಸಿನದ್ದಲ್ಲ. ಮುಗ್ಗಲು ಹಿಡಿದ ಕೊಬ್ಬರಿಯದ್ದು.

ಹಲ್ಲುಗಳ ಸಂದಿಯಲ್ಲೆಲ್ಲ ಬೆಳ್ಳಗೆ, ಮೇಣದ ಹಾಗೆ, ಗಟ್ಟಿ ಕೂತಿದೆ. ಉಗುರಲ್ಲಿ ಕೆರೆದರೆ ಎದ್ದು ಬರುತ್ತದೆ, ಬೆರಳ ಬಿಸಿಗೆ ಕರಗುತ್ತದೆ. ಕಿಟಕಿಯ ಮೇಲಿದ್ದ ಅಪ್ಪಯ್ಯನ ತಲೆಗೆ ಹಚ್ಚುವ ಎಣ್ಣೆ ಬಾಟಲಿ ನೋಡಿದೆ. ಮಳೆಯ ಚಳಿಗೆ ಅದೂ ಬೆಳ್ಳಗೆ ಕಲ್ಲಾಗಿ ಕೂತಿತ್ತು.

"ಅಪ್ಪಯ್ಯ, ಈ ರೀಲಿಗೆ ಏನು ಎಣ್ಣೆ ಹಾಕ್ತಿದ್ರಿ?"

"ಅದರ ಜೊತೆ ಬಂದ ಎಣ್ಣೆ ಒಂದೇ ವರ್ಷಕ್ಕೆ ಮುಗೀತು ಮಾರಾಯ. ಆಮೇಲೆ ಮನೇದೇ. ಒಳ್ಳೆ ಗಾಣದ ಎಣ್ಣೆ. ವಾರಕ್ಕೊಂದ್ಸಲ ಹಾಕ್ತಿದ್ದೆ." ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಬೇಸಿಗೆಯ ಮಧ್ಯಾಹ್ನ ರೀಲು ಬೆಣ್ಣೆ ಹಾಗೆ ತಿರುಗಿರಬೇಕು. ಡಿಸೆಂಬರ್ ಬೆಳಿಗ್ಗೆ ಹೊಳೆ ದಂಡೆಯಲ್ಲಿ ಹೇಗೆ ತಿರುಗೀತು? ಇಪ್ಪತ್ತೊಂಬತ್ತು ವರ್ಷ ಸ್ವೀಡನ್ನಿನವರನ್ನು ಬೈದದ್ದು ದಂಡ. ನಾನು ಏನೂ ಹೇಳಲಿಲ್ಲ. ಹೇಳಿದ್ದರೆ ಅವತ್ತು ಊಟಕ್ಕೆ ಬರುತ್ತಿರಲಿಲ್ಲ.

ಸೀಮೆಎಣ್ಣೆಯಲ್ಲಿ ತೊಳೆಯೋಣ ಎಂದರೆ ಈಗ ಸೀಮೆಎಣ್ಣೆ ಎಲ್ಲಿದೆ? ಬೈಕಿನಿಂದ ಸ್ವಲ್ಪ ಪೆಟ್ರೋಲ್ ತೆಗೆದು, ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು, ಜಗಲಿಯಲ್ಲಿ ಕೂತೆ. ಒಲೆ, ಬೀಡಿ ಎರಡೂ ದೂರ ಇರಲಿ. ಲೋಹದ ಭಾಗಗಳಿಗೆ ಮಾತ್ರ ಪೆಟ್ರೋಲ್, ಪ್ಲಾಸ್ಟಿಕ್ ಹಲ್ಲಿನ ಚಕ್ರಕ್ಕೆ ಸೋಪಿನ ನೀರು. ಹಿತ್ತಾಳೆಯ ದೊಡ್ಡ ಗೇರಿನ ಮೇಲಿದ್ದ ಹಸಿರು ಕಿಲುಬು ಹುಣಸೆಹಣ್ಣಿಗೆ ಹೋಯಿತು. ನಮ್ಮಮ್ಮ ದೇವರ ದೀಪ ಬೆಳಗುತ್ತಿದ್ದ ಹಾಗೇ ಉಜ್ಜಿದೆ. ಉಜ್ಜಿದ ಮೇಲೆ ಹುಳಿ ಉಳಿಯದ ಹಾಗೆ ತೊಳೆದು ಒಣಗಿಸಬೇಕು, ಮರೆಯಬೇಡಿ. ಪೆಟ್ರೋಲ್ ಹಾಕಿಕೊಂಡ ಸ್ಟೀಲ್ ಲೋಟ ಈಗ ಮನೆಯ ಲೆಕ್ಕದಿಂದ ಹೊರಗೆ. "ರೀ, ಅದು ನಮ್ಮ ಮದುವೆ ಸೆಟ್ಟಿನದ್ದು" ಅಂತ ಇವಳು ಇನ್ನೂ ಹೇಳುತ್ತಿರುತ್ತಾಳೆ.

ಕೊಕ್ಕೆ ಸವೆದಿತ್ತು

ಇಂಥ ರೀಲಿನ ಮುಂದುಗಡೆ ದಾರವನ್ನು ಅತ್ತಿಂದಿತ್ತ ಸರಿಸಿ ಸಮವಾಗಿ ಸುತ್ತುವ ಒಂದು ಗಾಡಿ ಇರುತ್ತದೆ. ಅದರೊಳಗೆ ಒಂದು ಉದ್ದ ಸರಳು. ಸರಳಿನ ಮೇಲೆ ಅಡ್ಡಡ್ಡ ಹೆಣೆದ ಎರಡು ಗಾಡಿಜಾಡು, ಒಂದು ಹೋಗಲು, ಇನ್ನೊಂದು ಬರಲು. ಆ ಜಾಡಿನಲ್ಲಿ ಓಡುವುದು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಕೊಕ್ಕೆ. ಹ್ಯಾಂಡಲ್ ತಿರುಗಿದರೆ ಸರಳು ತಿರುಗುತ್ತದೆ, ಕೊಕ್ಕೆ ಜಾಡು ಹಿಡಿದು ಗಾಡಿಯನ್ನು ಎಳೆದೊಯ್ಯುತ್ತದೆ, ತುದಿಯಲ್ಲಿ ತಾನೇ ಹೊರಳಿ ವಾಪಸ್ ಬರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಸೋಜಿಗ.

ನಮ್ಮದರಲ್ಲಿ ಜಾಡಿನ ತುಂಬ ಗಟ್ಟಿ ಎಣ್ಣೆ, ಮರಳು, ದಾರದ ಪುಡಿ. ಅದರಲ್ಲೇ ಒತ್ತಾಯದಿಂದ ತಿರುಗಿಸಿದ್ದಕ್ಕೆ ಕೊಕ್ಕೆಯ ತುದಿ ಸವೆದು ಮೊಂಡಾಗಿತ್ತು. ಅವತ್ತು ಹ್ಯಾಂಡಲ್ ಜಾಮ್ ಆದದ್ದು ಇಲ್ಲೇ.

ಹೊಸ ಕೊಕ್ಕೆಗೆ ಎಲ್ಲಿ ಹೋಗುವುದು ಅಂತ ಯೋಚಿಸುತ್ತ ಚರ್ಮದ ಪೆಟ್ಟಿಗೆ ಒರೆಸುತ್ತಿದ್ದೆ. ಬದಿಯಲ್ಲಿ ಒಂದು ಪುಟ್ಟ ಜೇಬು. ಅದರೊಳಗೆ ಒಣಗಿದ ಅಡಿಕೆ ಹೋಳು ಎರಡು, ನಾಲ್ಕಾಣೆಯ ಒಂದು ಪಾವಲಿ, ಅಡಿಯಲ್ಲಿ ಒಂದು ಸಣ್ಣ ಡಬ್ಬಿ. ಡಬ್ಬಿಯೊಳಗೆ ಕಂಪನಿಯವರೇ ಕೊಟ್ಟ ಹೊಸ ಕೊಕ್ಕೆ! ಆ ಕಾಲದಲ್ಲಿ ರೀಲಿನ ಜೊತೆ ಸ್ಪ್ಯಾನರ್, ಎಣ್ಣೆ, ಬೇಗ ಸವೆಯುವ ಭಾಗಗಳನ್ನು ಕೊಟ್ಟೇ ಕಳಿಸುತ್ತಿದ್ದರು. ಅಪ್ಪಯ್ಯ ಮೇಲೆ ಅಡಿಕೆ ಇಟ್ಟವರು ಕೆಳಗೆ ನೋಡಿರಲಿಲ್ಲ.

ಆ ಖುಷಿಯಲ್ಲಿ ಕೈ ತಪ್ಪಿತು. ಸ್ಪೂಲನ್ನು, ಅಂದರೆ ದಾರ ಸುತ್ತಿಕೊಳ್ಳುವ ಉರುಳೆಯನ್ನು, ಬಿಟ್ಟು ಹಿಡಿಯುವ ಸಣ್ಣ ಗೇರಿನ ತೊಟ್ಟಿಲಿಗೆ ಎರಡು ಸ್ಪ್ರಿಂಗ್ ಇವೆ. ಒಂದು ಟಿಂಗ್ ಎಂದು ಹಾರಿತು. ಟಾರ್ಚ್ ಹಾಕಿ, ಜಗಲಿ ಗುಡಿಸಿ, ಕಸ ಜರಡಿ ಹಿಡಿದು ಹುಡುಕಿದೆ. ಇವತ್ತಿಗೂ ಸಿಕ್ಕಿಲ್ಲ. ಸೌದೆ ಒಟ್ಟಿಲಿನೊಳಗೆ ಹೋಗಿರಬೇಕು. ಬಾಲ್‌ಪೆನ್ನಿನ ಸ್ಪ್ರಿಂಗ್ ಕತ್ತರಿಸಿ ಹಾಕಿ ನೋಡಿದೆ. ತೀರಾ ಗಡುಸು. ಒಂದು ಕಡೆ ಮೆದು ಸ್ಪ್ರಿಂಗ್, ಒಂದು ಕಡೆ ಗಡುಸು, ತೊಟ್ಟಿಲು ಓರೆಯಾಗಿ ಬಟನ್ ಒತ್ತಿದರೆ ಅರ್ಧದಲ್ಲೇ ನಿಲ್ಲುತ್ತಿತ್ತು.

ಹಾಸನಕ್ಕೆ ಹೋಗಿ ಬಂದದ್ದು

ಬ್ಯಾಂಕ್ ಕೆಲಸಕ್ಕೆ ಹಾಸನಕ್ಕೆ ಹೋದಾಗ ಮೊಟ್ಟೆ ಟ್ರೇಯನ್ನೇ ಚೀಲಕ್ಕೆ ಹಾಕಿಕೊಂಡು ಹೋದೆ. ಅಲ್ಲಿ ಒಂದು ಗಲ್ಲಿಯಲ್ಲಿ ವಾಚ್ ರಿಪೇರಿ ಮಾಡುವ ಸಾಹೇಬರೊಬ್ಬರಿದ್ದಾರೆ. ಹೈಸ್ಕೂಲಿನಲ್ಲಿ ನನ್ನ ಎಚ್‌ಎಂಟಿ ವಾಚಿಗೆ ಜೀವ ಕೊಟ್ಟವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ರೀಲನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಮೀನಿಂದಾ ಸಾರ್? ಗಡಿಯಾರ ಮಾಡೋರೇ ಮಾಡಿರ್ಬೇಕು."

ಮಾತಿಗೆ ಅಂದದ್ದು ಅಂದುಕೊಂಡಿದ್ದೆ. ಕರೆಂಟ್ ಬಂದ ಮೇಲೆ ಓದಿ ನೋಡಿದರೆ ಅವರ ಊಹೆ ಸರಿ. ಆಬು ಅನ್ನುವುದು ಗಡಿಯಾರ ಕಾರ್ಖಾನೆ ಎಂಬರ್ಥದ ಸ್ವೀಡಿಷ್ ಹೆಸರಿನಿಂದ ಬಂದದ್ದು. 1921ರಲ್ಲಿ ಸ್ವೆಂಗ್‌ಸ್ಟಾ ಎಂಬ ಊರಿನಲ್ಲಿ ಶುರುವಾಗಿ ಜೇಬುಗಡಿಯಾರ, ಟ್ಯಾಕ್ಸಿ ಮೀಟರ್ ಮಾಡುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಮೀಟರ್ ಕೇಳುವವರಿಲ್ಲದಾಗ ರೀಲಿಗೆ ಕೈ ಹಾಕಿದರು. ಊರ ಪಕ್ಕದಲ್ಲೇ ಸಾಲ್ಮನ್ ಮೀನಿಗೆ ಹೆಸರಾದ ಹೊಳೆ. ಅದಕ್ಕೂ ಮೊದಲು, ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ, ಅಮೆರಿಕದ ಕೆಂಟಕಿಯಲ್ಲಿ ಇಂಥ ಗೇರಿನ ರೀಲನ್ನು ಮಾಡಿದ ಜಾರ್ಜ್ ಸ್ನೈಡರ್ ಕೂಡ ವಾಚ್ ಮಾಡುವವನೇ. ಹ್ಯಾಂಡಲ್ ಒಂದು ಸುತ್ತು ಬಂದರೆ ಸ್ಪೂಲ್ ಹಲವು ಸುತ್ತು ಬರಬೇಕು, ಅದೂ ಸದ್ದಿಲ್ಲದೆ. ಅದು ಕಮ್ಮಾರನ ಕೈಗೆ ಬಗ್ಗುವ ಕೆಲಸ ಅಲ್ಲ.

ಸಾಹೇಬರು ಹಳೇ ಗೋಡೆ ಗಡಿಯಾರಗಳ ಡಬ್ಬಿ ಕೆದಕಿ ಒಂದು ಸ್ಪ್ರಿಂಗ್ ತೆಗೆದರು, ಇನ್ನೊಂದರ ಅಳತೆಗೆ ಕತ್ತರಿಸಿ, ತುದಿ ಬಗ್ಗಿಸಿ ಕೂರಿಸಿದರು. ಬಟನ್ ಒತ್ತಿದೆ. ಟಕ್. ಹ್ಯಾಂಡಲ್ ತಿರುಗಿಸಿದೆ. ಟಕ್, ವಾಪಸ್. ಅರವತ್ತು ರೂಪಾಯಿ ತೆಗೆದುಕೊಂಡರು. ಎಣ್ಣೆಯ ಕಥೆ ಹೇಳಿದ್ದಕ್ಕೆ ಬಿದ್ದು ಬಿದ್ದು ನಕ್ಕರು. ಆಮೇಲೆ ಒಂದು ತೆಳ್ಳನೆಯ ಸೂಜಿಯನ್ನು ಎಣ್ಣೆಗೆ ಅದ್ದಿ ತೋರಿಸಿದರು. ಅದರ ತುದಿಯಲ್ಲಿ ಎಷ್ಟು ನಿಲ್ಲುತ್ತೋ ಅಷ್ಟೇ ಒಂದು ಕಡೆಗೆ. "ಜನ ಅಡುಗೆ ಒಗ್ಗರಣೆ ಥರ ಹಾಕ್ತಾರೆ ಸಾರ್."

ಡ್ರ್ಯಾಗ್

ಇದರ ಮೇಲೆ ನಾಲ್ಕು ಸಂಜೆ ಹೋಯಿತು. ಮೀನು ಜೋರಾಗಿ ಎಳೆದರೆ ದಾರ ಕಡಿಯುವ ಮೊದಲು ಸ್ಪೂಲ್ ಜಾರಿ ಸ್ವಲ್ಪ ದಾರ ಬಿಡಬೇಕು. ಆ ಜಾರುವಿಕೆ ಬರುವುದು ದೊಡ್ಡ ಗೇರಿನ ಹೊಟ್ಟೆಯಲ್ಲಿ ಒಂದರ ಮೇಲೊಂದು ಕೂತ ವಾಷರ್‌ಗಳಿಂದ, ಒಂದು ಲೋಹದ್ದು, ಒಂದು ಮೆತ್ತನೆಯದ್ದು. ನಕ್ಷತ್ರ ಬಿಗಿ ಮಾಡಿದಷ್ಟೂ ಅವು ಒತ್ತಿಕೊಳ್ಳುತ್ತವೆ. ಅಪ್ಪಯ್ಯ ನಕ್ಷತ್ರವನ್ನು ಕೊನೆಯವರೆಗೂ ಬಿಗಿದು ಅಟ್ಟಕ್ಕೆ ಹಾಕಿದ್ದರು. ಇಷ್ಟು ವರ್ಷದ ಒತ್ತಡಕ್ಕೆ ಮೆತ್ತನೆಯವು ಹಪ್ಪಳದ ಹಾಗಾಗಿ ಲೋಹಕ್ಕೆ ಅಂಟಿದ್ದವು. ಅವತ್ತು ಹೊಳೆಯಲ್ಲೂ ಹಾಗೇ ಬಿಗಿದಿತ್ತಂತೆ. "ಸಡಿಲ ಬಿಟ್ರೆ ಮೀನು ಓಡಲ್ವಾ?" ಅಂತ ಅವರ ವಾದ.

ಕಾರ್ಬನ್ ವಾಷರ್ ತರಿಸಬಹುದಿತ್ತು. ಕೊರಿಯರ್‌ನವನು ಮಳೆಗಾಲದಲ್ಲಿ ನಮ್ಮೂರಿಗೆ ಬರುವುದಿಲ್ಲ. ಹಳೇ ರೀಲುಗಳಲ್ಲಿ ಗ್ರೀಸ್ ಹಾಕಿದ ಚರ್ಮದ ವಾಷರ್ ಇರುತ್ತಿತ್ತು ಅನ್ನುವುದು ಗೊತ್ತಿತ್ತು. ಸಕಲೇಶಪುರದಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಅಂಗೈ ಅಗಲದ ಚರ್ಮ ತಂದೆ. ಹಳೆಯದನ್ನು ಇಟ್ಟು ಪೆನ್ಸಿಲ್‌ನಲ್ಲಿ ಗುರುತು ಮಾಡಿ ಬ್ಲೇಡಿನಲ್ಲಿ ಕತ್ತರಿಸಿದೆ. ಮೊದಲ ಜೊತೆ ದಪ್ಪವಾಯಿತು, ನಕ್ಷತ್ರ ಕೂರಲೇ ಇಲ್ಲ. ಎರಡನೆಯದನ್ನು ಗಾಜಿನ ಮೇಲೆ ಅಂಟಿಸಿದ ಉಪ್ಪು ಕಾಗದದ ಮೇಲೆ ಬೆರಳಿನಲ್ಲಿ ಒತ್ತಿ ಉಜ್ಜಿ ತೆಳುವು ಮಾಡಿದೆ. ಮಧ್ಯೆ ಮಧ್ಯೆ ಗೇರಿನೊಳಗೆ ಇಟ್ಟು ನೋಡುವುದು, ಮತ್ತೆ ಉಜ್ಜುವುದು. ರಾತ್ರಿಯಿಡೀ ಗ್ರೀಸಿನಲ್ಲಿ ನೆನೆಸಿ, ಬೆಳಿಗ್ಗೆ ಜಾಸ್ತಿಯಾದದ್ದನ್ನು ಒರೆಸಿ ಹಾಕಿದೆ.

ಪರೀಕ್ಷೆಗೆ ಕಾಳುಮೆಣಸು ತೂಗುವ ಸ್ಪ್ರಿಂಗ್ ತಕ್ಕಡಿ. ದಾರದ ತುದಿಯನ್ನು ಅದರ ಕೊಕ್ಕೆಗೆ ಕಟ್ಟಿ ಮಗನ ಕೈಲಿ ನಿಧಾನ ಎಳೆಸಿದೆ. ನನ್ನ ದಾರ ಆರು ಕೆಜಿ ತಡೆಯುವಂಥದ್ದು. ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಡ್ರ್ಯಾಗ್ ಇಡುವುದು ವಾಡಿಕೆ, ಅಂದರೆ ಒಂದೂವರೆಯಿಂದ ಎರಡು ಕೆಜಿ. ಮುಳ್ಳು ಒಂದೂ ಮುಕ್ಕಾಲಿಗೆ ಬಂದಾಗ ಸ್ಪೂಲ್ ಜಾರತೊಡಗಿತು. ಜರ್ಕ್ ಇಲ್ಲ. ಒಂದೇ ಸಮನೆ, ತುಪ್ಪ ಸುರಿದ ಹಾಗೆ.

ರಾಡಿನ ಕೆಲಸ ಬರೆಯುವಂಥದ್ದೇನಿಲ್ಲ. ತುದಿಯ ಉಂಗುರ ಹೋಗಿತ್ತು, ಹಾಟ್ ಗ್ಲೂ ಕಾಯಿಸಿ ಹೊಸದು ಕೂರಿಸಿದೆ. ಕಾರ್ಕ್ ಹಿಡಿಯನ್ನು ಜಿರಲೆ ತಿಂದಿತ್ತು, ಹಾಗೇ ಬಿಟ್ಟೆ.

ಕೆರೆಯಲ್ಲಿ

ಸೆಪ್ಟೆಂಬರ್‌ನಲ್ಲಿ ಒಂದು ಭಾನುವಾರ ಬಿಸಿಲು ಬಂತು. ಕಾಫಿ ಹೂವಿನ ಹೊತ್ತಿಗೆ ಸ್ಪ್ರಿಂಕ್ಲರ್‌ಗೆ ಅಂತ ತೋಡಿಸಿದ ನಮ್ಮದೇ ಕೆರೆ ಇದೆ. ಯಾರ ಗುತ್ತಿಗೆಯೂ ಅಲ್ಲ, ಯಾರನ್ನೂ ಕೇಳಬೇಕಿಲ್ಲ. ಅಂಚಿನಲ್ಲೆಲ್ಲ ತಾವರೆ ಎಲೆ, ಅದರಡಿ ಕೊರವ.

ಈ ರೀಲು ಅಮೆರಿಕದವರ ಕೈಗೆ ಸಿಕ್ಕಿದ್ದು ಬಾಸ್ ಮೀನು ಹಿಡಿಯಲು. ಅಲ್ಲಿ ಅದೊಂದು ಹುಚ್ಚು. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಎಂಬಾತ ಹಿಡಿದ ಹತ್ತು ಕೆಜಿಯ ಬಾಸ್ ದಾಖಲೆಯನ್ನು ಸರಿಗಟ್ಟಲು 77 ವರ್ಷ ಬೇಕಾಯಿತು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಸರಿಗಟ್ಟಿದ. ಅಪ್ಪಯ್ಯನಿಗೆ ಹೇಳಿದೆ. "ಹತ್ತು ಕೆಜಿಗೆ ಇಷ್ಟು ಗಲಾಟೆಯಾ? ಬಿಳಿಮೀನು ನೋಡಿಲ್ಲ ಅವರು" ಅಂದರು. ಕಾವೇರಿ ಸೀಮೆಯ ಡುಬ್ಬದ ಮಹಶೀರ್ ಐವತ್ತು ಕೆಜಿ ದಾಟುತ್ತಿತ್ತು, ನಿಜ. ಈಗ ಅದು ಅಳಿವಿನ ಅಂಚಿನಲ್ಲಿರುವ ಮೀನು. 2018ರಲ್ಲೇ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಯ ಕಟ್ಟಕಡೆಯ ಎಚ್ಚರಿಕೆ ಸಾಲಿಗೆ ಸೇರಿದೆ. ಅದರ ತಂಟೆಗೆ ನಾನು ಹೋಗುವುದಿಲ್ಲ.

ಕೊರವಕ್ಕೂ ಬಾಸಿಗೂ ನೆಂಟಸ್ತಿಕೆ ಇಲ್ಲ. ಕೊರವ ಮೇಲೆ ಬಂದು ಗಾಳಿ ಗುಟುಕರಿಸುವ ಮೀನು, ಬಾಸ್ ಹಾಗಲ್ಲ. ಆದರೆ ಬುದ್ಧಿ ಒಂದೇ. ಎಲೆಯ ಅಡಿಯಲ್ಲಿ ಅಡಗಿ ಕೂತು, ಮೇಲೆ ಕಪ್ಪೆ ಕುಪ್ಪಳಿಸಿದರೆ ಬಾಯಿ ಹಾಕುವುದು. ಅದಕ್ಕೇ ಅಮೆರಿಕದವರು ಗಾಳಕ್ಕೆ ಹಾಕುವ ಟೊಳ್ಳು ಪ್ಲಾಸ್ಟಿಕ್ ಕಪ್ಪೆ ನಮ್ಮ ಕೆರೆಯಲ್ಲೂ ನಡೆಯುತ್ತದೆ. ಅದರ ಎರಡು ಗಾಳದ ಮುಳ್ಳು ಬೆನ್ನಿಗೆ ಅಂಟಿಕೊಂಡಿರುವುದರಿಂದ ಎಲೆಗೆ ಸಿಕ್ಕಿಕೊಳ್ಳುವುದಿಲ್ಲ. ಕೆಂಪನೆ ಮರಿಗಳ ಹಿಂಡು ಕಂಡ ಕಡೆ ಮಾತ್ರ ಎಸೆಯುವುದಿಲ್ಲ. ಅಪ್ಪ ಅಮ್ಮ ಕೊರವ ಅಲ್ಲೇ ಕಾವಲಿರುತ್ತವೆ, ಅವನ್ನು ಎತ್ತಿದರೆ ಮರಿಗಳು ಬೇರೆ ಮೀನಿನ ಪಾಲು.

ಮೊದಲ ಎಸೆತ ನನ್ನದು. ಕಪ್ಪೆ ಹತ್ತು ಮಾರು ಹೋಗಿ ನೀರಿಗೆ ಬಿತ್ತು, ಸ್ಪೂಲ್ ಮಾತ್ರ ತಿರುಗುತ್ತಲೇ ಇತ್ತು. ಕ್ಷಣದಲ್ಲಿ ದಾರವೆಲ್ಲ ಉಬ್ಬಿ ಜಡೆಗಟ್ಟಿತು. ಬಿಡಿಸಲು ಅರ್ಧ ಗಂಟೆ. ಮತ್ತೆ ಎಸೆದೆ, ಮತ್ತೆ ಗೋಜಲು. ಕಪ್ಪೆಯನ್ನು ತೂಗುಬಿಟ್ಟು ಬಟನ್ ಒತ್ತಿದರೆ ಅದು ನಿಧಾನ ಇಳಿಯಬೇಕು, ನೆಲ ಮುಟ್ಟಿದಾಗ ಸ್ಪೂಲ್ ನಿಲ್ಲಬೇಕು. ಬದಿಯ ತಿರುಪನ್ನು ಹಾಗೆ ಹೊಂದಿಸಿಯೇ ಬಂದಿದ್ದೆ. ಮತ್ತೇನು?

ಬಿಚ್ಚಿ ನೋಡಿದಾಗ ನಾಚಿಕೆಯಾಯಿತು. ಸ್ಪೂಲಿನ ಪಕ್ಕದಲ್ಲಿ ಎರಡು ಪುಟ್ಟ ಬ್ರೇಕ್ ತುಂಡುಗಳಿವೆ. ಸ್ಪೂಲ್ ಜೋರಾಗಿ ತಿರುಗಿದರೆ ಅವು ಹೊರಕ್ಕೆ ಜಾರಿ ಒಂದು ಬಳೆಗೆ ಉಜ್ಜಿ ವೇಗ ತಗ್ಗಿಸುತ್ತವೆ. ಉಜ್ಜಬೇಕಾದರೆ ಒಣಗಿರಬೇಕಲ್ಲ? ನಾನು ಹೊಲಿಗೆ ಮಷಿನ್ ಎಣ್ಣೆಯನ್ನು ಅಲ್ಲಿಗೂ ಧಾರಾಳ ಬಿಟ್ಟಿದ್ದೆ. ಸೂಜಿ ತುದಿಯಷ್ಟು ಅಂತ ಸಾಹೇಬರು ಹೇಳಿದ್ದು ಎಲ್ಲಿ ಹೋಯಿತೋ.

"ಏನು ಹಾಕಿದ್ದೆ?" ಅಪ್ಪಯ್ಯ ಕೇಳಿದರು.

"ಎಣ್ಣೆ."

"ಜಾಸ್ತಿಯಾಯ್ತಾ?"

ಅವರ ಮುಖದಲ್ಲಿ ಇದ್ದ ಸಂತೋಷವನ್ನು ನೋಡಬೇಕಿತ್ತು. ಹಾಗಾದರೆ ಕೊಬ್ಬರಿ ಎಣ್ಣೆ ವಿಷಯ ಅವರಿಗೆ ಮೊದಲೇ ಅರ್ಥವಾಗಿತ್ತು, ಅಲ್ವಾ.

ಪಂಚೆಯ ತುದಿಯಲ್ಲಿ ಬಳೆ, ತುಂಡು ಎರಡನ್ನೂ ಅವರೇ ಒರೆಸಿದರು. ರಾಡು ಇಸಿದುಕೊಂಡರು. ಎಪ್ಪತ್ತೆಂಟರ ಕೈ, ಸ್ವಲ್ಪ ನಡುಗುತ್ತದೆ. ಹೆಬ್ಬೆರಳು ಸ್ಪೂಲಿನ ಮೇಲೆ ಕೂತ ಮೇಲೆ ನಡುಗಲಿಲ್ಲ. ಕಪ್ಪೆ ತಾವರೆ ಎಲೆಯ ಅಂಚಿಗೆ ಹೋಗಿ ಮೆಲ್ಲಗೆ ಕೂತಿತು, ಹೆಬ್ಬೆರಳು ಸ್ಪೂಲನ್ನು ಅದೇ ಕ್ಷಣಕ್ಕೆ ಹಿಡಿಯಿತು. ಒಂದು ಎಳೆ ಸಡಿಲವಾಗಲಿಲ್ಲ. ಗಾಡಿ ಅತ್ತಿಂದಿತ್ತ ಓಡಾಡುತ್ತ ದಾರವನ್ನು ಸಾಲಾಗಿ ಸುತ್ತಿತು.

ಮೂರನೇ ಎಸೆತಕ್ಕೆ ನೀರು ಭುಗಿಲ್ಲಂತ ಎದ್ದಿತು. ಅಪ್ಪಯ್ಯ ಆ ಕ್ಷಣಕ್ಕೇ ಎಳೆದರು. ಕಪ್ಪೆ ಖಾಲಿ ಬಂತು. ಕೊರವ ಕಪ್ಪೆಯನ್ನು ಪೂರ್ತಿ ಒಳಗೆ ತೆಗೆದುಕೊಳ್ಳುವವರೆಗೆ ಒಂದೆರಡು ಸೆಕೆಂಡ್ ತಡೆಯಬೇಕು ಅಂತ ಹೇಳಿದೆ. ಮತ್ತೊಂದು ಬಂತು, ಮತ್ತೆ ಹಾಗೇ ಎಳೆದರು, ಅದೂ ಹೋಯಿತು.

"ಈ ಫಾರಿನ್ ಕಪ್ಪೆ ನಮ್ಮ ಮೀನಿಗೆ ಒಗ್ಗಲ್ಲ ಮಾರಾಯ," ಅಂದರು.

ರೀಲು ಈಗ ಅಟ್ಟದಲ್ಲಿಲ್ಲ. ಅವರ ಮಂಚದ ಪಕ್ಕದ ಕಿಟಕಿಯ ಮೇಲಿದೆ. ಅಲ್ಲಿದ್ದ ಕೊಬ್ಬರಿ ಎಣ್ಣೆ ಬಾಟಲಿಯನ್ನು ಬಚ್ಚಲುಮನೆಗೆ ಸಾಗಿಸಿದ್ದೇನೆ. ಹೊತ್ತು ಹೋಗದಿದ್ದಾಗ ಅವರು ರೀಲನ್ನು ಕೈಗೆತ್ತಿಕೊಂಡು ಹ್ಯಾಂಡಲ್ ತಿರುಗಿಸುತ್ತಾರೆ, ಇಡುವಾಗ ನಕ್ಷತ್ರವನ್ನು ಕೊನೆಯವರೆಗೂ ಬಿಗಿ ಮಾಡಿ ಇಡುತ್ತಾರೆ. ರಾತ್ರಿ ಅವರು ಮಲಗಿದ ಮೇಲೆ ನಾನು ಹೋಗಿ ಎರಡು ಸುತ್ತು ಸಡಿಲ ಮಾಡಿ ಬರುತ್ತೇನೆ.